ಎರಡು ಬುರುಡೆ, ಎರಡು ಸ್ವಿಚ್ಚು, ಒಂದೇ ದಾರಿ

ಸೀರಿಯಲ್ ಸೆಟ್ಟಿನಲ್ಲಿ ಒಂದು ಬುರುಡೆ ಕೆಟ್ಟರೆ ಸಾಲಿಗೆ ಸಾಲೇ ಆರಿಹೋಗುತ್ತದೆ ಎಂಬುದನ್ನು ಯಾರಿಗೂ ಪಾಠ ಮಾಡಿ ತಿಳಿಸಬೇಕಾಗಿಲ್ಲ. ಗಣಪತಿ ಕೂರಿಸುವ ಹಿಂದಿನ ರಾತ್ರಿ ಪೆಂಡಾಲಿನ ಏಣಿಯ ಮೇಲೆ ನಿಂತು, ತೊಂದರೆ ಯಾವ ಬುರುಡೆಯದೆಂದು ಒಂದೊಂದನ್ನೇ ಅಲುಗಾಡಿಸಿ ನೋಡಿದವರಿಗೆಲ್ಲ ಅದು ಗೊತ್ತು. ಹೈಸ್ಕೂಲಿನ ವಿಜ್ಞಾನ ಪುಸ್ತಕ ಇದಕ್ಕೆ ಸರಣಿ ಜೋಡಣೆ ಎಂದು ಹೆಸರಿಟ್ಟು, ಮನೆಯ ದೀಪಗಳನ್ನು ಸಮಾಂತರವಾಗಿ ಏಕೆ ಜೋಡಿಸುತ್ತಾರೆ ಎಂದು ಪ್ರಶ್ನೆ ಕೇಳುತ್ತದೆ. ನಾವು ಉತ್ತರ ಬರೆದು, ಅಂಕ ಪಡೆದು, ಮರೆತುಬಿಡುತ್ತೇವೆ. ಸರಣಿಯಲ್ಲಿ ವಿದ್ಯುತ್ತಿಗೆ ಇರುವುದು ಒಂದೇ ದಾರಿ. ಹಾಗಾಗಿ ಬುರುಡೆಗಳು ಉರಿದರೆ ಒಟ್ಟಿಗೆ ಉರಿಯಬೇಕು, ಆರಿದರೆ ಒಟ್ಟಿಗೆ ಆರಬೇಕು. ಇದರಲ್ಲಿ ತಕರಾರಿಗೆ ಜಾಗವಿದೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಆ ತಕರಾರು ತೆಗೆದದ್ದು ಮಂಡ್ಯದ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿದ್ದ ಪ್ಲೈವುಡ್ ಹಲಗೆ.

ಮಾವನ ಪಂಪ್‌ಸೆಟ್ಟಿನ ಮೋಟಾರ್ ಸುಟ್ಟುಹೋಗಿತ್ತು. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಮಂಡ್ಯ ಸೀಮೆಯಲ್ಲಿ ಇದು ಸುದ್ದಿಯೇ ಅಲ್ಲ. ಕಬ್ಬು ಬಾಡುತ್ತಿರುತ್ತದೆ, ವೈಂಡಿಂಗ್ ಅಂಗಡಿಯವರು ಆ ಹೊತ್ತಿಗೆ ಜಿಲ್ಲಾಧಿಕಾರಿಗಿಂತ ದೊಡ್ಡವರಾಗಿರುತ್ತಾರೆ. ನಮ್ಮ ಮೋಟಾರಿಗೆ ಹೊಸ ತಂತಿ ಸುತ್ತಿ, ವಾರ್ನಿಷ್ ಹಾಕಿ, ಒಣಗಲು ಇಟ್ಟಿದ್ದರು. ಒಣಗುವ ತನಕ ಕೂರಬೇಕು. ಸುಟ್ಟ ಎನಾಮಲ್ ವಾಸನೆ, ನೆಲದ ಮೇಲೆ ಕತ್ತರಿಸಿ ಬಿಸಾಡಿದ ಕಪ್ಪು ತಾಮ್ರದ ಸಿಂಬಿಗಳು, ಪಕ್ಕದಲ್ಲಿ ಇನ್ನೊಂದು ಮೋಟಾರಿನ ಸ್ಟೇಟರಿನ, ಅಂದರೆ ತಿರುಗದ ಹೊರಭಾಗದ, ಸೀಳುಗಳಿಗೆ ಕಾಗದ ತೂರಿಸುತ್ತ ಕುಳಿತ ಹುಡುಗ. ನಾನು ಮೊಬೈಲ್ ತಿರುವಿ ತಿರುವಿ ಸಾಕಾಗಿ ಆಕಳಿಸುತ್ತಿದ್ದುದನ್ನು ಅಂಗಡಿಯ ಯಜಮಾನರು ಕಂಡರು.

“ಸುಮ್ಮನೆ ಕೂತಿದ್ದೀರಲ್ಲ ಸ್ವಾಮಿ, ಇದನ್ನು ಸ್ವಲ್ಪ ನೋಡಿ ಹೇಳಿ,” ಎಂದು ಗೋಡೆಗೆ ಒರಗಿಸಿದ್ದ ಹಲಗೆಯನ್ನು ಎತ್ತಿ ಮೇಜಿನ ಮೇಲಿಟ್ಟರು.

ಬಿಳಿ ಬಣ್ಣ ಬಳಿದ ಹಲಗೆ. ಮೇಲುಗಡೆ ಎರಡು ಹೋಲ್ಡರ್, ಅವುಗಳಲ್ಲಿ ಒಂದು ಕೆಂಪು ಬಣ್ಣ ಬಳಿದ ಬುರುಡೆ, ಒಂದು ಹಸಿರು. ಕೆಳಗಡೆ ಎರಡು ಹಳೆಯ ಪಿಯಾನೊ ಸ್ವಿಚ್, ಒಂದರ ಮೇಲೆ ಕೆಂಪು ಚುಕ್ಕೆ, ಇನ್ನೊಂದರ ಮೇಲೆ ಹಸಿರು ಚುಕ್ಕೆ. ಇವನ್ನೆಲ್ಲ ಸೇರಿಸುವ ತಂತಿ ದಪ್ಪನೆಯ ಬರಿಯ ತಾಮ್ರ. ಒಂದು ಪುಟ್ಟ ತಗಡಿನ ಡಬ್ಬಿಯಿಂದ ಹೊರಟು ಕೆಂಪು ಸ್ವಿಚ್ಚಿಗೆ, ಅಲ್ಲಿಂದ ಹಸಿರು ಸ್ವಿಚ್ಚಿಗೆ, ಅಲ್ಲಿಂದ ಕೆಂಪು ಬುರುಡೆಗೆ, ಅಲ್ಲಿಂದ ಹಸಿರು ಬುರುಡೆಗೆ, ಮತ್ತೆ ಡಬ್ಬಿಗೆ. ಕವಲಿಲ್ಲ, ಅಡ್ಡದಾರಿಯಿಲ್ಲ. ಬೆರಳಿಟ್ಟು ಸುತ್ತು ಹಾಕಬಹುದು. ಅವರೂ ಹಾಗೇ ಮಾಡಿಸಿದರು. “ಮುಟ್ಟಿ, ಮುಟ್ಟಿ, 36 ವೋಲ್ಟು ಅಷ್ಟೇ, ಹೊಡೆಯುವುದಿಲ್ಲ.” ಹಲಗೆಯನ್ನು ಮಗುಚಿ ಹಿಂಬದಿಯನ್ನೂ ತೋರಿಸಿದರು. ಬರಿ ಪ್ಲೈವುಡ್.

ಆಮೇಲೆ ಕೆಂಪು ಸ್ವಿಚ್ ಒತ್ತಿದರು. ಕೆಂಪು ಬುರುಡೆ ಮಾತ್ರ ಹತ್ತಿತು. ಹಸಿರು ಸ್ವಿಚ್ ಇನ್ನೂ ತೆರೆದೇ ಇತ್ತು. ಅಂದರೆ ದಾರಿ ಅಲ್ಲೇ ಕಡಿದಿರಬೇಕು, ಏನೂ ಹತ್ತಬಾರದು. ಕೆಂಪು ಆರಿಸಿ ಹಸಿರು ಒತ್ತಿದರು. ಹಸಿರು ಮಾತ್ರ ಹತ್ತಿತು. ಎರಡನ್ನೂ ಒತ್ತಿದಾಗ ಎರಡೂ ಉರಿದವು. ಎರಡನ್ನೂ ತೆಗೆದಾಗ ಎರಡೂ ಆರಿದವು. ಮನೆಯ ಸ್ವಿಚ್ ಬೋರ್ಡಿನಲ್ಲಿ ಆಗುವಂತೆ, ಯಾರ ಸ್ವಿಚ್ಚಿಗೆ ಅವರ ದೀಪ. ಆದರೆ ತಂತಿ ಇರುವುದು ಒಂದೇ ಸುತ್ತು.

ಇಷ್ಟಕ್ಕೇ ನಿಲ್ಲಿಸದೆ ಎರಡೂ ಬುರುಡೆಗಳನ್ನು ಬಿಚ್ಚಿಸಿ ಅದಲು ಬದಲು ಮಾಡಿದರು. ಈಗ ಕೆಂಪು ಬುರುಡೆ ಹಸಿರು ಇದ್ದ ಹೋಲ್ಡರಿನಲ್ಲಿದೆ. ಕೆಂಪು ಸ್ವಿಚ್ ಒತ್ತಿದರೆ ಮತ್ತೆ ಕೆಂಪೇ ಹತ್ತಿತು, ಹೊಸ ಜಾಗದಲ್ಲಿ. ಸ್ಟೇಟರಿಗೆ ಕಾಗದ ತೂರಿಸುತ್ತಿದ್ದ ಹುಡುಗ ಕೆಲಸ ಬಿಟ್ಟು ನನ್ನ ಮುಖ ನೋಡುತ್ತಿದ್ದ. ಈ ಆಟ ಅವನಿಗೆ ಎಷ್ಟೋ ಸಲ ನೋಡಿ ಹಳತು. ಗಿರಾಕಿಯ ಮುಖ ಮಾತ್ರ ಪ್ರತಿ ಸಲವೂ ಹೊಸದು.

ಹುಡುಕಿದ ಜಾಗಗಳು

ಇಂಥದನ್ನು ಕಂಡಾಗ ತಲೆ ಮೊದಲು ಓಡುವುದು ಅಡಗಿಸಿಟ್ಟ ತಂತಿಯ ಕಡೆಗೆ. ಪ್ಲೈವುಡ್ಡಿನ ಪದರಗಳ ನಡುವೆ ಕೂದಲೆಳೆಯಂಥ ತಂತಿ ಓಡಿಸಿರಬಹುದು. ಆದರೆ ಬುರುಡೆಗಳನ್ನು ಬದಲಿಸಿದಾಗ ಸ್ವಿಚ್ಚಿನ ನಿಷ್ಠೆಯೂ ಬುರುಡೆಯ ಜೊತೆಗೇ ಹೋಯಿತಲ್ಲ. ಗುಟ್ಟು ಹಲಗೆಯಲ್ಲಿದ್ದರೆ ಅದು ಹೋಲ್ಡರಿಗೆ ಅಂಟಿಕೊಂಡಿರಬೇಕಿತ್ತು. ಬುರುಡೆಯ ಬಣ್ಣ ಹಲಗೆಗೆ ಹೇಗೆ ತಿಳಿಯಬೇಕು? ಹಾಗಾಗಿ ಬುರುಡೆಯ ಒಳಗೇ ಏನೋ ಇದೆ. ಎರಡನೆಯ ಊಹೆ ಎಲೆಕ್ಟ್ರಾನಿಕ್ ಚಿಪ್ಪು. ಈಗ ಎಲ್ಲದಕ್ಕೂ ಚಿಪ್ಪಿನ ಉತ್ತರ ಸಿದ್ಧವಾಗಿರುತ್ತದೆ: ಸ್ವಿಚ್ಚಿನಲ್ಲೊಂದು, ಬುರುಡೆಯಲ್ಲೊಂದು ಪುಟ್ಟ ರೇಡಿಯೋ ಇಟ್ಟರೆ ಮುಗಿಯಿತು, ಮನೆಗಳಲ್ಲಿ ಮೊಬೈಲಿನಿಂದ ಹತ್ತಿಸುವ ದೀಪಗಳಿಲ್ಲವೇ? ಆಗಬಾರದು ಎಂದೇನಿಲ್ಲ. ಆದರೆ ಆ ಹಲಗೆಗೆ ಕನಿಷ್ಠ ಇಪ್ಪತ್ತು ವರ್ಷದ ಧೂಳು ಹಿಡಿದಿತ್ತು, ಬುರುಡೆಗಳು ಕಾರ್ಖಾನೆಯ ಹ್ಯಾಂಡ್ ಲ್ಯಾಂಪಿಗೆ ಹಾಕುವ 24 ವೋಲ್ಟಿನ ತಂತು ಬುರುಡೆಗಳು, ಮತ್ತು ಯಜಮಾನರು ಚಿಪ್ಪು ಪಪ್ಪು ಎಂದರೆ ಮೂಗು ಮುರಿಯುವ ಪೈಕಿ. ಅಂಥವರು ಮಾಡಿದ್ದು ಅವರ ಕೈಗೆಟಕುವ ಸಾಮಾನಿನಿಂದಲೇ ಆಗಿರಬೇಕು.

ನನ್ನನ್ನು ಬಹಳ ದಿನ ಕಾಡಿದ್ದು ದೀಪಗಳಲ್ಲ, ಅವರ ಒಂದು ಚಿಕ್ಕ ಅಭ್ಯಾಸ. ಬುರುಡೆ ಬಿಚ್ಚುವುದನ್ನು ನನ್ನ ಕೈಯಿಂದ ಮಾಡಿಸಿದರು. ಸ್ವಿಚ್ ಒತ್ತಲು ಬಿಟ್ಟರು. ತಂತಿ ಮುಟ್ಟಲು ಬಿಟ್ಟರು. ಆದರೆ ಬುರುಡೆಯನ್ನು ಹೋಲ್ಡರಿಗೆ ಹಾಕುವ ಕೆಲಸ ಮಾತ್ರ ನನಗೆ ಕೊಡಲಿಲ್ಲ; “ಕೊಡಿ ಇಲ್ಲಿ” ಎಂದು ತಾವೇ ತೆಗೆದುಕೊಂಡರು. ಹಾಕುವ ಮುಂಚೆ ಬುರುಡೆಯ ಹಿತ್ತಾಳೆ ಕ್ಯಾಪನ್ನು ಬೆಳಕಿಗೆ ಹಿಡಿದು ಒಂದು ಕ್ಷಣ ನೋಡುತ್ತಿದ್ದರು. ಕ್ಯಾಪಿನ ಎರಡು ಗುಬುಟುಗಳಲ್ಲಿ ಒಂದರ ಪಕ್ಕ ಉಗುರುಬಣ್ಣದ ಸಣ್ಣ ಬೊಟ್ಟಿತ್ತು. ಹೋಲ್ಡರಿನ ಅಂಚಿನಲ್ಲೂ ಅಂಥದೇ ಒಂದು ಬೊಟ್ಟು. ಎರಡನ್ನೂ ಹೊಂದಿಸಿ, ಒತ್ತಿ, ತಿರುಗಿಸುತ್ತಿದ್ದರು.

ನಮ್ಮ ಮನೆಗಳ ಪಿನ್ ಬುರುಡೆ ಹಾಕುವಾಗ ಯಾರಾದರೂ ಹೀಗೆ ನೋಡುತ್ತಾರೆಯೇ? ಕತ್ತಲಲ್ಲಿ ಸ್ಟೂಲಿನ ಮೇಲೆ ನಿಂತು, ಗುಬುಟು ಸೀಳಿಗೆ ಕೂರುವ ತನಕ ತಿರುವುತ್ತೇವೆ. ಅರ್ಧ ಸುತ್ತು ಆಚೆ ಕೂತರೂ ಒಂದೇ, ಈಚೆ ಕೂತರೂ ಒಂದೇ. ತಂತುವಿಗೆ ಬಲ ಎಡ ಎಂಬುದಿಲ್ಲ. ಈ ಬುರುಡೆಗೆ ಮಾತ್ರ ಇದೆ ಎಂದಾದರೆ, ಅದರ ಹಿತ್ತಾಳೆ ಕ್ಯಾಪಿನೊಳಗೆ ಇರುವ ವಸ್ತುವಿಗೆ ಮುಂದು ಹಿಂದು ಎಂಬ ಭೇದವಿದೆ. ಮೈಸೂರಿಗೆ ವಾಪಸು ಬರುವ ಬಸ್ಸಿನಲ್ಲಿ, ಶ್ರೀರಂಗಪಟ್ಟಣ ಬರುವಷ್ಟರಲ್ಲಿ, ಅದು ಡಯೋಡೇ ಇರಬೇಕು ಎಂಬಲ್ಲಿಗೆ ಬಂದು ನಿಂತೆ. ಇನ್ನುಳಿದದ್ದು ಎಷ್ಟು ಡಯೋಡು, ಎಲ್ಲೆಲ್ಲಿ, ಯಾವ ಮುಖವಾಗಿ ಎಂಬ ಲೆಕ್ಕ.

ಬಾಣದ ಗುರುತಿನ ತಪ್ಪು

ಡಯೋಡ್ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ ಎಂಬುದು ಗೊತ್ತಿದ್ದರೂ ಅಲ್ಲಿಂದ ಮುಂದಕ್ಕೆ ತಲೆ ಓಡದಿರಲು ಒಂದು ಕಾರಣವಿದೆ, ಅದು ನನ್ನೊಬ್ಬನದೇ ಅಲ್ಲ ಎಂದು ನನ್ನ ವಾದ. ಶಾಲೆಯಲ್ಲಿ ಬಿಡಿಸಿದ ಪ್ರತಿಯೊಂದು ಸರ್ಕ್ಯೂಟ್ ಚಿತ್ರದಲ್ಲೂ ಒಂದು ಬ್ಯಾಟರಿ ಇತ್ತು, ಅದರ ಧನ ತುದಿಯಿಂದ ಹೊರಟ ಒಂದು ಬಾಣ ಇತ್ತು, ಆ ಬಾಣ ಸುತ್ತಿಕೊಂಡು ಋಣ ತುದಿಗೆ ಬರುತ್ತಿತ್ತು. ಹೀಗೆ ಒಂದೇ ದಿಕ್ಕಿಗೆ ಹರಿಯುವುದು ಡಿಸಿ. ಮನೆಗೆ ಬರುವುದು ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್ತು, ಅಂದರೆ ಎಸಿ, ಸೆಕೆಂಡಿಗೆ 50 ಆವರ್ತ ಎಂದು ಬೇರೆ ಪಾಠದಲ್ಲಿ ಬಾಯಿಪಾಠ ಮಾಡುತ್ತೇವೆ. ಆದರೆ ದೀಪದ ಬಗ್ಗೆ ಯೋಚಿಸಲು ಕೂತ ಕೂಡಲೆ ಮನಸ್ಸು ಆ ಬ್ಯಾಟರಿಯ ಚಿತ್ರಕ್ಕೇ ಹೋಗುತ್ತದೆ. ಹುಟ್ಟಿದಂದಿನಿಂದ ಎಸಿಯಲ್ಲಿ ಬದುಕುತ್ತ, ಡಿಸಿಯಲ್ಲಿ ಯೋಚಿಸುತ್ತೇವೆ. ಯಜಮಾನರ ಹಲಗೆ ನಿಂತಿರುವುದು ಪೂರ್ತಿಯಾಗಿ ಈ ಅಭ್ಯಾಸದ ಮೇಲೆ. ಆ ತಗಡಿನ ಡಬ್ಬಿಯನ್ನು ನಾನು ಮನಸ್ಸಿನಲ್ಲೇ ಬ್ಯಾಟರಿ ಮಾಡಿಕೊಂಡಿದ್ದೆ. ಅದರಲ್ಲಿದ್ದುದು ಟ್ರಾನ್ಸ್‌ಫಾರ್ಮರ್.

ಡಬ್ಬಿಯಿಂದ ಬರುತ್ತಿರುವುದು ಎಸಿ ಎಂದು ಒಪ್ಪಿಕೊಂಡರೆ ಒಂದೇ ತಂತಿ ಎರಡು ದಾರಿಯಾಗುತ್ತದೆ: ಹೋಗುವಾಗಿನದು ಒಂದು, ಬರುವಾಗಿನದು ಒಂದು. ಒಂದು ಆವರ್ತಕ್ಕೆ ಸೆಕೆಂಡಿನ ಐವತ್ತನೇ ಒಂದು ಭಾಗ, ಅಂದರೆ 20 ಮಿಲಿಸೆಕೆಂಡ್. ಮೊದಲ 10 ಮಿಲಿಸೆಕೆಂಡ್ ಪ್ರವಾಹ ಬಲಕ್ಕೆ ಸುತ್ತುತ್ತದೆ, ಮುಂದಿನ 10 ಎಡಕ್ಕೆ. ಬಲದ ಪಾಳಿ ಕೆಂಪಿನದು, ಎಡದ ಪಾಳಿ ಹಸಿರಿನದು ಎಂದು ಹಂಚಿಕೊಂಡರೆ ಮುಗಿಯಿತು. ವಿಶ್ವೇಶ್ವರಯ್ಯ ನಾಲೆಯ ಒಂದೇ ತೂಬಿನಿಂದ ಎರಡು ಗದ್ದೆಯವರು ಸರದಿಯ ಮೇಲೆ ನೀರು ಕಟ್ಟಿಕೊಳ್ಳುವಂತೆಯೇ ಇದು, ಇಲ್ಲಿ ಸರದಿ ತಪ್ಪಿಸಿದವರ ಜೊತೆ ರಾತ್ರಿ ಟಾರ್ಚ್ ಹಿಡಿದು ಜಗಳವಾಡಬೇಕಾಗಿಲ್ಲ ಎಂಬುದನ್ನು ಬಿಟ್ಟರೆ.

ಹಂಚಿಕೊಡುವ ಕೆಲಸಕ್ಕೆ ನಾಲ್ಕು ಡಯೋಡ್ ಬೇಕು. ಪ್ರತಿ ಸ್ವಿಚ್ಚಿನ ಒಳಗೆ, ಅದರ ಎರಡು ತುದಿಗಳ ನಡುವೆ ಒಂದು. ಸ್ವಿಚ್ ಒತ್ತಿದಾಗ ಪ್ರವಾಹ ಸ್ವಿಚ್ಚಿನ ಮೂಲಕವೇ ಎರಡೂ ದಿಕ್ಕಿಗೆ ಓಡಾಡುತ್ತದೆ, ಡಯೋಡಿಗೆ ಕೆಲಸವಿಲ್ಲ. ಸ್ವಿಚ್ ತೆಗೆದಾಗ ದಾರಿ ಪೂರ್ತಿ ಮುಚ್ಚುವುದಿಲ್ಲ, ಒಂದು ದಿಕ್ಕಿಗೆ ಮಾತ್ರ ತೆರೆದಿರುತ್ತದೆ. ಕೆಂಪು ಸ್ವಿಚ್ಚಿನ ಡಯೋಡ್ ಎಡಕ್ಕೆ ಬಿಡುತ್ತದೆ, ಹಸಿರು ಸ್ವಿಚ್ಚಿನದು ಬಲಕ್ಕೆ. ಎರಡೂ ಸ್ವಿಚ್ ತೆರೆದಿದ್ದರೆ ಎದುರು ಬದುರು ನಿಂತ ಎರಡು ಡಯೋಡುಗಳು ಸರಣಿಯಲ್ಲಿರುತ್ತವೆ. ಒಂದು ಬಿಟ್ಟದ್ದನ್ನು ಇನ್ನೊಂದು ಬಿಡುವುದಿಲ್ಲ, ಪೂರ್ತಿ ಕತ್ತಲು. ಕೆಂಪು ಸ್ವಿಚ್ ಮಾತ್ರ ಒತ್ತಿದರೆ ಉಳಿಯುವ ತಡೆ ಹಸಿರು ಸ್ವಿಚ್ಚಿನ ಡಯೋಡ್ ಒಂದೇ, ಅದು ಬಲದ ಪಾಳಿಯನ್ನು ದಾಟಿಸುತ್ತದೆ.

ಇಲ್ಲಿಗೆ ಅರ್ಧ ಕೆಲಸ. ಬಲದ ಪಾಳಿಯ ಪ್ರವಾಹ ಎರಡೂ ಬುರುಡೆಗಳ ಮೂಲಕ ಹಾಯುತ್ತದೆಯಲ್ಲ, ಹಸಿರು ಏಕೆ ಹತ್ತಬಾರದು? ಅದಕ್ಕೇ ಬುರುಡೆಯ ಕ್ಯಾಪಿನೊಳಗೆ, ತಂತುವಿಗೆ ಸಮಾಂತರವಾಗಿ, ಇನ್ನೊಂದು ಡಯೋಡ್. ಹಸಿರು ಬುರುಡೆಯ ಡಯೋಡ್ ಬಲಕ್ಕೆ ಬಿಡುತ್ತದೆ. ಬಲದ ಪಾಳಿಯಲ್ಲಿ ಬಂದ ಪ್ರವಾಹ ತಂತುವಿನ ಗೊಡವೆಗೆ ಹೋಗದೆ ಡಯೋಡಿನಲ್ಲಿ ನುಸುಳಿಹೋಗುತ್ತದೆ. ತಂತುವಿನ ಪಾಲಿಗೆ ಉಳಿಯುವುದು ಡಯೋಡಿನ ಮೇಲೆ ಇಳಿಯುವ 0.7 ವೋಲ್ಟಿನಷ್ಟು, ಅದರಿಂದ ಬುರುಡೆ ಬೆಚ್ಚಗೂ ಆಗದು. ಕೆಂಪು ಬುರುಡೆಯ ಡಯೋಡ್ ಎಡಮುಖವಾದ್ದರಿಂದ ಬಲದ ಪಾಳಿಯಲ್ಲಿ ಅದು ಮುಚ್ಚಿದ ಬಾಗಿಲು, ಪ್ರವಾಹ ತಂತುವಿನಲ್ಲೇ ಹೋಗಬೇಕು, ಕೆಂಪು ಉರಿಯುತ್ತದೆ. ಎಡದ ಪಾಳಿಗೆ ಇದನ್ನೇ ಕನ್ನಡಿಯಲ್ಲಿ ನೋಡಿಕೊಳ್ಳಿ. ಎರಡೂ ಸ್ವಿಚ್ ಒತ್ತಿದಾಗ ಎರಡೂ ಪಾಳಿ ನಡೆಯುತ್ತವೆ, ಎರಡೂ ದೀಪ ಉರಿಯುವಂತೆ ಕಾಣುತ್ತದೆ. ಕಾಣುತ್ತದೆ ಎಂದೇ ಹೇಳಬೇಕು; ಯಾವ ಕ್ಷಣದಲ್ಲೂ ಎರಡಕ್ಕೂ ಒಟ್ಟಿಗೆ ವಿದ್ಯುತ್ ಸಿಗುತ್ತಿಲ್ಲ.

ಈಗ ಉಗುರುಬಣ್ಣದ ಬೊಟ್ಟು. ಒಂದು ಬುರುಡೆಯನ್ನು ಅರ್ಧ ಸುತ್ತು ತಪ್ಪಿ ಹಾಕಿದರೆ ಅದರ ಡಯೋಡ್ ತಿರುಗಿ ನಿಲ್ಲುತ್ತದೆ. ಆಗ ಎರಡೂ ಬುರುಡೆಗಳ ಡಯೋಡುಗಳು ಒಂದೇ ಕಡೆ ಮುಖ ಮಾಡಿರುತ್ತವೆ. ಒಂದು ಪಾಳಿಯಲ್ಲಿ ಎರಡೂ ತಂತುಗಳು ಸರಣಿಯಲ್ಲಿ ಮಂಕಾಗಿ ಉರಿಯುತ್ತವೆ. ಇನ್ನೊಂದು ಪಾಳಿಯಲ್ಲಿ ಎರಡೂ ಡಯೋಡುಗಳು ಬಾಗಿಲು ತೆರೆದು ನಿಂತಿರುತ್ತವೆ. ಡಬ್ಬಿಯ ಎರಡು ತುದಿಗಳ ನಡುವೆ ಅಡ್ಡಿಯೇ ಇಲ್ಲ, ನೇರ ಶಾರ್ಟ್. ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದಿದ್ದರೆ ಡಯೋಡ್ ಹೋಗುತ್ತದೆ. ಗಿರಾಕಿಯ ಕೈಗೆ ಬುರುಡೆ ಕೊಡದಿದ್ದುದು ಗುಟ್ಟು ಕಾಯಲಿಕ್ಕಲ್ಲ, ಫ್ಯೂಸ್ ಕಾಯಲಿಕ್ಕೆ. ತಿರುಪಿನ ಬುರುಡೆ ಬಳಸುವ ದೇಶಗಳಲ್ಲಿ ಈ ತೊಂದರೆ ಬರುವುದಿಲ್ಲ: ಅಲ್ಲಿ ನಡುವಿನ ತುದಿ ಯಾವಾಗಲೂ ನಡುವೆಯೇ, ತಿರುಪು ಯಾವಾಗಲೂ ಹೊರಗೇ, ಹೇಗೆ ಹಾಕಿದರೂ ಮುಖ ಬದಲಾಗದು. ನಮ್ಮ ಪಿನ್ ಬುರುಡೆಯ ಸಮತೆಯೇ ಮಂಡ್ಯದ ಹಲಗೆಯ ಗುಟ್ಟು ಬಯಲು ಮಾಡಿತು.

ಕಾಗದದ ಮೇಲೆ ಇಷ್ಟು ಬಂದ ಮೇಲೆ ಇನ್ನೊಂದು ವಿಷಯ ಹೊಳೆಯಿತು, ಮೊದಲಿಗೆ ನಂಬಲಾಗಲಿಲ್ಲ. ಡಬ್ಬಿಯ ಎರಡು ತಂತಿಗಳನ್ನು ಅದಲು ಬದಲು ಮಾಡಿದರೆ? ಏನೂ ಆಗುವುದಿಲ್ಲ. ಬಲದ ಪಾಳಿ ಮೊದಲು ಬರುವುದೋ ಎಡದ್ದೋ ಎಂಬುದಷ್ಟೇ ಬದಲಾಗುತ್ತದೆ, ಕೆಂಪು ಸ್ವಿಚ್ಚಿಗೆ ಕೆಂಪೇ. ಅದೇ ಜಾಗದಲ್ಲಿ ಬ್ಯಾಟರಿ ಇಟ್ಟರೆ ಆಟ ಕುಂಟುತ್ತದೆ: ಒಂದು ಸ್ವಿಚ್ ಬರಿ ಅಲಂಕಾರ, ಒಂದು ಬುರುಡೆ ಎಂದೂ ಹತ್ತದು. ಬ್ಯಾಟರಿ ತಿರುಗಿಸಿದರೆ ಸತ್ತದ್ದು ಬದುಕಿ, ಬದುಕಿದ್ದು ಸಾಯುತ್ತದೆ.

ಮನೆಯ ಮೇಜಿನ ಮೇಲೆ

ಲೆಕ್ಕ ಸರಿಹೋಯಿತೆಂದು ಸುಮ್ಮನಿರಲು ಮನಸ್ಸು ಬರಲಿಲ್ಲ. ಶಿವರಾಂಪೇಟೆಗೆ ಹೋಗಿ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಒಂದು ಹಿಡಿ 4007 ಡಯೋಡ್, ಬೈಕಿನ ಇಂಡಿಕೇಟರ್ ಬುರುಡೆಗಳು, ಹೋಲ್ಡರ್‌ಗಳನ್ನು ತಂದೆ. ಈ 4007 ಎಂಬುದು ಎಲೆಕ್ಟ್ರಾನಿಕ್ಸ್ ರಿಪೇರಿಯವರ ಮನೆದೇವರು: ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಕಪ್ಪು ಕೊಳವೆ, ಒಂದು ತುದಿಗೆ ಬೆಳ್ಳಿ ಪಟ್ಟಿ, 1 ಆಂಪಿಯರ್ ಹೊರುತ್ತದೆ, ಹಿಮ್ಮುಖವಾಗಿ 1000 ವೋಲ್ಟ್ ತಡೆಯುತ್ತದೆ, ಬೆಲೆ ಚಿಲ್ಲರೆ. ಪ್ರವಾಹ ಪಟ್ಟಿಯ ಕಡೆಯಿಂದ ಹೊರಗೆ ಬರಬಹುದು, ಒಳಗೆ ಹೋಗಬಾರದು. ನಾಲ್ಕನ್ನೂ ಬೆಸುಗೆ ಹಾಕುವಾಗ ಈ ಬೆಳ್ಳಿ ಪಟ್ಟಿಗಳನ್ನು ನೋಡಿಕೊಳ್ಳುವುದೇ ದೊಡ್ಡ ಕೆಲಸ. ಕನ್ನಡಕ ಹಣೆಗೇರಿಸಿ, ಕಣ್ಣಿಗೆ ಹತ್ತಿರ ಹಿಡಿದು, ಕೆಂಪು ಸ್ವಿಚ್ಚಿನದು ಎಡಕ್ಕೆ, ಹಸಿರಿನದು ಬಲಕ್ಕೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದುದನ್ನು ಕಂಡು ಮನೆಯವರು ಮಂತ್ರವೇ ಎಂದು ಕೇಳಿದರು.

ಹತ್ತಿತು. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. ಆದರೆ ಯಜಮಾನರ ದೀಪಗಳ ಕಳೆ ಇರಲಿಲ್ಲ; ಬ್ಯಾಟರಿ ಇಳಿದ ಬೈಕಿನ ದೀಪದಂತೆ ಮಂಕು. ಅದಕ್ಕೂ ಕಾರಣವಿದೆ. ಪ್ರತಿ ಬುರುಡೆಗೆ ಅರ್ಧ ಸಮಯ ಮಾತ್ರ ವಿದ್ಯುತ್ ಸಿಗುತ್ತಿದೆ, ಆದ್ದರಿಂದ ಶಕ್ತಿ ಅರ್ಧ. ಶಕ್ತಿ ವೋಲ್ಟಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ, ವೋಲ್ಟಿನ ಲೆಕ್ಕದಲ್ಲಿ ಅದು ಅರ್ಧವಾಗುವುದಿಲ್ಲ, 0.707 ಪಾಲಿಗೆ ಇಳಿಯುತ್ತದೆ: 12 ವೋಲ್ಟ್ ಕೊಟ್ಟರೆ ಬುರುಡೆಗೆ 8.5 ಕೊಟ್ಟಂತೆ, ಅದರಲ್ಲೂ ಡಯೋಡುಗಳು ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ಈ ಲೆಕ್ಕವನ್ನು ಯಜಮಾನರ 36ಕ್ಕೆ ಹಾಕಿ ನೋಡಿ: 36ರ 0.707 ಪಾಲು 25.5, ಡಯೋಡುಗಳ ತೆರಿಗೆ ಕಳೆದರೆ ಹೆಚ್ಚುಕಡಿಮೆ 24. ಅವರ ಬುರುಡೆ 24 ವೋಲ್ಟಿನವು. ಅಂಗಡಿಯಲ್ಲಿ ಸಿಗುವ ಟ್ರಾನ್ಸ್‌ಫಾರ್ಮರ್ ಬಿಟ್ಟು ಬೇಕಾದಷ್ಟು ಸುತ್ತು ತಾವೇ ಸುತ್ತಿಕೊಂಡಿದ್ದಾರೆ. ವೈಂಡಿಂಗ್ ಕಸುಬಿನವರಿಗೆ ಅದೇನು ಮಹಾ. ಮಂಕಾದ ದೀಪ ನೋಡುವವರಲ್ಲಿ ಅನುಮಾನ ಹುಟ್ಟಿಸುತ್ತದೆ ಎಂಬುದು ಅವರಿಗೆ ಮೊದಲೇ ತಿಳಿದಿತ್ತು. “ಮುಟ್ಟಿ, 36 ವೋಲ್ಟು ಅಷ್ಟೇ” ಎಂದು ಧಾರಾಳವಾಗಿ ಹೇಳಿದ್ದರಲ್ಲಿ ಅರ್ಧ ಉತ್ತರ ಹೇಳಿಬಿಟ್ಟಿದ್ದರು.

ಮಲ್ಟಿಮೀಟರ್ ಹಿಡಿದರೆ ಇನ್ನೊಂದು ಮೋಜು. ಎಸಿ ಸರ್ಕ್ಯೂಟಿನಲ್ಲಿ ಡಿಸಿ ವೋಲ್ಟ್ ಅಳೆದರೆ ಸೊನ್ನೆ ಬರಬೇಕು, ಹೋದಷ್ಟೇ ವಾಪಸು ಬರುವುದರಿಂದ. ಎರಡೂ ದೀಪ ಉರಿಯುತ್ತಿರುವಾಗ ಕೆಂಪು ಬುರುಡೆಯ ಮೇಲೆ ಡಿಸಿ ಸುಮಾರು 5 ವೋಲ್ಟ್ ತೋರಿಸಿತು. ಹಸಿರಿನ ಮೇಲೆ ಅಷ್ಟೇ, ಆದರೆ ಋಣ. ಎರಡನ್ನೂ ಸೇರಿಸಿ ಅಳೆದರೆ ಸೊನ್ನೆಯ ಆಸುಪಾಸು. ಸರ್ಕ್ಯೂಟಿನ ಗುಟ್ಟನ್ನು ಡಬ್ಬಿ ಬಿಚ್ಚದೆ ಹಿಡಿಯಬೇಕೆನ್ನುವವರಿಗೆ ಇದಕ್ಕಿಂತ ಚುರುಕಾದ ದಾರಿ ಇಲ್ಲ.

ಬುರುಡೆ ತೆಗೆದು ಎಲ್‌ಇಡಿ ಹಾಕಿದ್ದು ಬೇರೆ ಕಾರಣಕ್ಕೆ. ತಂತು ಬಿಸಿಯಾಗಿ ಬೆಳಗುವ ವಸ್ತು. 10 ಮಿಲಿಸೆಕೆಂಡ್ ವಿದ್ಯುತ್ ನಿಂತರೆ ಪೂರ್ತಿ ಆರುವಷ್ಟು ತಣ್ಣಗಾಗುವುದಿಲ್ಲ. ಎಲ್‌ಇಡಿಗೆ ಅಂಥ ದಾಕ್ಷಿಣ್ಯವಿಲ್ಲ, ವಿದ್ಯುತ್ ನಿಂತರೆ ಬೆಳಕು ನಿಂತಿತು. ಎಲ್‌ಇಡಿ ತಾನೇ ಡಯೋಡ್, ಹಾಗಿದ್ದ ಮೇಲೆ ಪಕ್ಕದ ಡಯೋಡ್ ಏಕೆ ಎಂದು ಅದನ್ನು ಬಿಡುವಂತಿಲ್ಲ. ಬಿಟ್ಟರೆ ಇನ್ನೊಂದರ ಪಾಳಿಯಲ್ಲಿ ಇದು ದಾರಿ ಮುಚ್ಚಿ ಕೂರುತ್ತದೆ, ಹಿಮ್ಮುಖ ವೋಲ್ಟೇಜಿಗೆ ಸಾಯಲೂಬಹುದು. ಒಂದು ಕಿಲೋ ಓಮಿನ ರೆಸಿಸ್ಟರ್ ಜೊತೆಗಿಟ್ಟು, ಎರಡೂ ಸ್ವಿಚ್ ಒತ್ತಿ, ಮೊಬೈಲಿನ ಸ್ಲೋ ಮೋಷನ್ ವಿಡಿಯೋ ತೆಗೆದೆ. ಸೆಕೆಂಡಿಗೆ 240 ಚಿತ್ರ ಎಂದರೆ ಒಂದು ಆವರ್ತಕ್ಕೆ ಹತ್ತಿರ ಹತ್ತಿರ ಐದು ಚಿತ್ರ. ಬರಿಗಣ್ಣಿಗೆ ನಿಶ್ಚಲವಾಗಿ ಉರಿಯುತ್ತಿದ್ದ ಎರಡು ದೀಪಗಳು ವಿಡಿಯೋದಲ್ಲಿ ಕೆಂಪು, ಹಸಿರು, ಕೆಂಪು, ಹಸಿರು ಎಂದು ಒಂದರ ಬೆನ್ನಿಗೆ ಒಂದು ಕಣ್ಣು ಮಿಟುಕಿಸುತ್ತಿದ್ದವು. ನಡುವೆ ಎಲ್ಲೋ ಒಂದೊಂದು ಚಿತ್ರದಲ್ಲಿ ಎರಡೂ ಮಂಕು. ಪಾಳಿ ಬದಲಾಗುವ ಹೊತ್ತಿಗೆ ವೋಲ್ಟೇಜು ಎಲ್‌ಇಡಿ ಹತ್ತಿಸುವಷ್ಟೂ ಇರುವುದಿಲ್ಲ. ಲೆಕ್ಕ ಒಪ್ಪಿದ್ದ ಬುದ್ಧಿ ಕಣ್ಣಾರೆ ನೋಡಿದ ಮೇಲೆ ಇನ್ನೊಮ್ಮೆ ಒಪ್ಪಿತು.

ಶಿವನಸಮುದ್ರದ 25 ಸೈಕಲ್

ಮಂಡ್ಯ ಜಿಲ್ಲೆಯಲ್ಲಿ ಕುಳಿತು ಎಸಿಯ ಬಗ್ಗೆ ಯೋಚಿಸುವಾಗ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ ನೆನಪಾಗದೆ ಇರುವುದಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಆ ವಿದ್ಯುದಾಗಾರ 1902ರಲ್ಲಿ ಕೆಲಸ ಶುರುಮಾಡಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ಅಷ್ಟು ದೂರಕ್ಕೆ ಕಳಿಸಲು ಸಾಧ್ಯವಾದದ್ದು ಅದು ಎಸಿಯಾಗಿದ್ದರಿಂದ, ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು ಏರಿಸಿ ಇಳಿಸಲು ಬರುತ್ತಿದ್ದುದರಿಂದ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು. ಆ ಯಂತ್ರಗಳು ಮೊದಲಿಗೆ ಉತ್ಪಾದಿಸುತ್ತಿದ್ದುದು ಸೆಕೆಂಡಿಗೆ 25 ಆವರ್ತದ, ಅಂದರೆ 25 ಸೈಕಲ್ಲಿನ, ವಿದ್ಯುತ್ತು. ದೊಡ್ಡ ಮೋಟಾರುಗಳಿಗೆ ಅದು ಹೊಂದುತ್ತಿತ್ತು, ದೀಪಕ್ಕೆ ಅಷ್ಟು ಒಳ್ಳೆಯದಲ್ಲ. ತಂತು ಪ್ರತಿ ಆವರ್ತಕ್ಕೆ ಎರಡು ಸಲ ಬಿಸಿಯಾಗುತ್ತದೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಹಾಗಾಗಿ 25 ಆವರ್ತದ ದೀಪ ಸೆಕೆಂಡಿಗೆ 50 ಸಲ ಏರಿ ಇಳಿಯುತ್ತದೆ. ಈಗಿನ ಮನೆಯ ತಂತು ಬುರುಡೆ 100 ಸಲ. ಯಜಮಾನರ ಹಲಗೆಯ ಬುರುಡೆಗೆ ಬರುವಾಗಿನ ಪಾಳಿ ಸಿಕ್ಕರೆ ಹೋಗುವಾಗಿನದು ಸಿಗುವುದಿಲ್ಲವಾದ್ದರಿಂದ ಅದಕ್ಕೂ 50. ಅಲೆಯ ಆಕಾರ ಬೇರೆ, ಕತ್ತಲಿನ ಅವಧಿ ಹೆಚ್ಚು, ಆದರೆ ಮಿಡಿತದ ಲೆಕ್ಕದಲ್ಲಿ ಆ ಕೆಂಪು ಬುರುಡೆ ಶಿವನಸಮುದ್ರದ ಮೊದಲ ದಿನಗಳ ವಿದ್ಯುತ್ತಿನಲ್ಲಿ ನೇರವಾಗಿ ಉರಿಯುವ ದೀಪದ ಸಮಕ್ಕೆ ನಿಲ್ಲುತ್ತದೆ. ಇದನ್ನು ಅಂಗಡಿಯಲ್ಲಿ ಹೇಳಿದ್ದರೆ ಯಜಮಾನರು ಖಂಡಿತ ಇನ್ನೊಂದು ಹಲಗೆ ಮಾಡಲು ಹೊರಡುತ್ತಿದ್ದರು.

ಹಲಗೆಗೆ ಬೇಕಾದ ಇನ್ನೊಂದು ಸಾಮಾನು, ಒಂದೇ ದಿಕ್ಕಿಗೆ ಬಿಡುವ ಬಾಗಿಲು, ಅದೇ ಕಾಲದ ಆಸುಪಾಸಿನದು. ಜಗದೀಶಚಂದ್ರ ಬೋಸರು ಗೆಲೀನಾ ಹರಳಿನಿಂದ ಮಾಡಿದ ಪತ್ತೆಕಾರಕಕ್ಕೆ 1901ರಲ್ಲಿ ಅರ್ಜಿ ಹಾಕಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಇಂಗ್ಲೆಂಡಿನ ಫ್ಲೆಮಿಂಗ್ ಗಾಜಿನ ನಿರ್ವಾತ ಡಯೋಡ್ ಮಾಡಿದ್ದೂ 1904ರಲ್ಲಿ. ಇಬ್ಬರ ತಲೆಯಲ್ಲಿದ್ದುದೂ ರೇಡಿಯೋ ಅಲೆಯನ್ನು ಹಿಡಿಯುವುದು. ಬುರುಡೆಯ ಕ್ಯಾಪಿನೊಳಗೆ ಅಡಗಿಸಿಡುವಷ್ಟು ಚಿಕ್ಕದೂ ಅಗ್ಗವೂ ಆಗಲು ಅದಕ್ಕೆ ಇನ್ನೂ ಅರ್ಧ ಶತಮಾನ ಬೇಕಾಯಿತು.

ಸರದಿ ಹಂಚುವ ಈ ಉಪಾಯ ಆಟದ ಹಲಗೆಗೇ ಸೀಮಿತವಲ್ಲ. ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ಬಸ್ಸಿನ ಹಣೆಯ ಎಲ್‌ಇಡಿ ಫಲಕದ ಫೋಟೋ ತೆಗೆದವರು ಗಮನಿಸಿರಬಹುದು: ಕಣ್ಣಿಗೆ ಪೂರ್ತಿ ಕಾಣುವ ಊರಿನ ಹೆಸರು ಫೋಟೋದಲ್ಲಿ ಅರ್ಧಂಬರ್ಧ, ಕೆಲವು ಸಾಲು ಇದೆ, ಕೆಲವು ಇಲ್ಲ. ಸಾವಿರಾರು ದೀಪಗಳಿಗೆ ಸಾವಿರಾರು ತಂತಿ ಎಳೆಯಲಾಗದೆ ಸಾಲುಗಳನ್ನು ಸರದಿಯಂತೆ ಹತ್ತಿಸುತ್ತಾರೆ. ಕಣ್ಣು ನಿಧಾನ, ಆದ್ದರಿಂದ ಒಪ್ಪಿಕೊಳ್ಳುತ್ತದೆ, ಕ್ಯಾಮೆರಾ ಒಪ್ಪುವುದಿಲ್ಲ.

ಮೂರನೆಯ ಬುರುಡೆ

ಮೋಟಾರಿನ ಬಾಕಿ ಹಣ ಕೊಡಲು ಫೋನ್ ಮಾಡಿದಾಗ ನಾಲ್ಕು ಡಯೋಡಿನ ಉತ್ತರ ಒಪ್ಪಿಸಿದೆ. ಯಜಮಾನರು “ಸರಿ” ಎಂದಷ್ಟೇ ಹೇಳಿ, “ಹಾಗಾದರೆ ಮೂರನೆಯದನ್ನು ಸೇರಿಸಿ ನೋಡಿ ಸ್ವಾಮಿ,” ಎಂದರು. ಎರಡು ತಂತಿಯಲ್ಲಿ ಇರುವುದು ಎರಡೇ ದಿಕ್ಕು, ಮೂರನೆಯವರಿಗೆ ಪಾಳಿ ಎಲ್ಲಿಂದ ತರುವುದು ಎಂದೆ. “ತಂತಿ ಬೇಕಾದರೆ ಇನ್ನೊಂದು ಎಳೆಯಿರಿ.”

ತಂತಿ ಎಳೆದರೆ ಸುಲಭ, ಬೇಕಾದ್ದಕ್ಕಿಂತ ಹೆಚ್ಚೇ ಸುಲಭ. ಮೂರು ತಂತಿಗಳಲ್ಲಿ ಮೂರು ಜೋಡಿ, ಜೋಡಿಗೆ ಎರಡು ದಿಕ್ಕು, ಒಟ್ಟು ಆರು ಎಲ್‌ಇಡಿಗಳನ್ನು ಬೇರೆ ಬೇರೆಯಾಗಿ ಹತ್ತಿಸಬಹುದು. ನಾಲ್ಕು ತಂತಿಗೆ 12, ಐದಕ್ಕೆ 20. ಚಿಪ್ಪಿನ ಕಾಲುಗಳನ್ನು ಉಳಿಸಲು ಎಂಜಿನಿಯರುಗಳು ಬಳಸುವ ಚಾರ್ಲಿಪ್ಲೆಕ್ಸಿಂಗ್ ಇದೇ. ಆದರೆ ಆಗ ಅದು ಒಂದೇ ಸುತ್ತಿನ ಆಟವಾಗಿ ಉಳಿಯುವುದಿಲ್ಲ, ಬೆರಳಿಟ್ಟು ತೋರಿಸುವ ಗಮ್ಮತ್ತು ಹೋಗುತ್ತದೆ. ತಂತಿ ಹೆಚ್ಚಿಸದೆ ಮಾಡಬೇಕೆಂದರೆ ದಿಕ್ಕನ್ನು ಬಿಟ್ಟು ವೇಗಕ್ಕೆ ಹೋಗಬೇಕು: 50 ಆವರ್ತದ ಜೊತೆಗೆ ಹತ್ತು ಸಾವಿರ ಆವರ್ತದ ಇನ್ನೊಂದು ಅಲೆಯನ್ನು ಅದೇ ತಂತಿಯಲ್ಲಿ ಕಳಿಸುವುದು. ಕೆಪಾಸಿಟರ್ ವೇಗದ ಅಲೆಯನ್ನು ಬಿಟ್ಟು ನಿಧಾನದ್ದನ್ನು ತಡೆಯುತ್ತದೆ, ತಂತಿಯ ಸುರುಳಿ ಅದಕ್ಕೆ ತದ್ವಿರುದ್ಧ. ಕೆಂಪು, ಹಸಿರಿನ ಪಕ್ಕ ಕೆಪಾಸಿಟರ್ ಇಟ್ಟು ವೇಗದ ಅಲೆಯನ್ನು ಅವುಗಳ ಬಗಲಿನಲ್ಲಿ ದಾಟಿಸಿ, ಮೂರನೆಯ ನೀಲಿ ಬುರುಡೆಯ ಪಕ್ಕ ಸುರುಳಿ ಇಟ್ಟು 50ರ ಅಲೆಯನ್ನು ಅದರ ಬಗಲಿನಲ್ಲಿ ದಾಟಿಸಿದರೆ ಆಗಬೇಕು. ಬುರುಡೆಗಳ ಮಟ್ಟಿಗೆ ಆಗುತ್ತದೆ. ತೊಂದರೆ ಕೊಡುತ್ತಿರುವುದು ಸ್ವಿಚ್ಚುಗಳು: ಕೆಂಪು, ಹಸಿರು ಸ್ವಿಚ್ಚುಗಳು ತೆರೆದಿದ್ದರೂ ವೇಗದ ಅಲೆ ದಾಟಬೇಕು, ನೀಲಿ ಸ್ವಿಚ್ ತೆರೆದಿದ್ದಾಗ ಅದು ಮಾತ್ರ ನಿಲ್ಲಬೇಕು. ಅದಕ್ಕೆ ಹಾಕಿದ ಕೆಪಾಸಿಟರ್ ಚಿಕ್ಕದಾದರೆ ನೀಲಿ ಮಂಕಾಗುತ್ತದೆ, ದೊಡ್ಡದಾದರೆ 50ರ ಅಲೆಯೂ ಸ್ವಲ್ಪ ಸೋರಿ, ಆರಿರಬೇಕಾದ ಕೆಂಪು ಬುರುಡೆ ನಸುಗೆಂಪಾಗಿ ಉಸಿರಾಡುತ್ತದೆ. ಬೆಲೆ ಬದಲಿಸಿ ಬದಲಿಸಿ ನೋಡುತ್ತಿದ್ದೇನೆ. ಸುರುಳಿಯನ್ನು ನಾನೇ ಸುತ್ತಿದ್ದು, ಎಂಥ ವೈಂಡಿಂಗ್ ಆಗಿದೆ ಎಂದರೆ ಮಂಡ್ಯಕ್ಕೆ ತೆಗೆದುಕೊಂಡು ಹೋಗಿ ತೋರಿಸುವ ಧೈರ್ಯವಿಲ್ಲ.